ಇಂದಿನ ಧಮ್ಮ ಚಿಂತನೆ: ಎದೆಗೆ ನಾಟುವ ಎರಡು ಬಾಣ





ಕಳೆದ ಭಾನುವಾರ ಆದಿ ಉಡುಪಿಯ ನಮ್ಮ ಕೂಟದಲ್ಲಿ ಹಿರಿಯ ತಾಯಿಯೊಬ್ಬರು ಕೇಳಿದರು: "ಟೀಚರೇ, ದುಃಖಕ್ಕೆ ಎದೆ ಒಡೆಯುತ್ತದೆ ಅಂತಾರಲ್ಲ, ಅದು ನಿಜವಾ?"

ನಿಜವೇ ಅಮ್ಮಾ. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ 'ತಕೊತ್ಸುಬೊ' ಎಂದು ಹೆಸರಿಟ್ಟರು. ಹಾಗೆಂದರೆ ಆಕ್ಟೋಪಸ್ ಹಿಡಿಯುವ ಮಡಕೆ. ಆಪ್ತರ ಸಾವು, ತೀವ್ರ ಭಯ, ಸಿಟ್ಟು ಬಂದೆರಗಿದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಉಕ್ಕಿ, ಹೃದಯದ ಎಡ ಕೆಳಕೋಣೆ ಬಲಗುಂದಿ ಆ ಮಡಕೆಯಂತೆ ಉಬ್ಬುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಆದರೆ ದಿನದಿನದ ಅವಮಾನ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯ ಸಮಾರಂಭದಲ್ಲಿ ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮಾತ್ರ ಕಾಗದದ್ದು. ಎಂಟು ದಿನ ನಿದ್ದೆಯಿಲ್ಲ, ಎದೆ ಡವಡವ. ಯಾರಿಗೂ ಹೇಳಲಿಲ್ಲ.

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಬುದ್ಧರು ಎರಡು ಬಾಣಗಳ ಮಾತು ಹೇಳುತ್ತಾರೆ. ಮೊದಲನೆಯದು ಮೈಗೆ ತಗಲುವ ನೋವು. ಎರಡನೆಯದು ಅದರ ಮೇಲೆ ಮನಸ್ಸು ಕೊರಗಿ ಹೊಡೆದುಕೊಳ್ಳುವ ಬಾಣ. ಕೆಲವರು ಇದನ್ನೇ ತೋರಿಸಿ "ಜಾತಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಉಪದೇಶ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಬಾಣವನ್ನು ಬಿಟ್ಟವರು ಇದ್ದಾರಲ್ಲ! ಇಂದಿನ ದುಃಖಕ್ಕೆ ಹಿಂದಿನ ಜನ್ಮದ ಕರ್ಮ ಕಾರಣವೆಂಬ ವಾದವನ್ನು ಬಾಬಾಸಾಹೇಬರು ತಿರಸ್ಕರಿಸಿದ್ದು ಇದಕ್ಕೇ.

ನಮ್ಮ ಜಿಲ್ಲೆಯ ಕೊರಗರ ಡೋಲನ್ನು ನೆನೆಯಿರಿ. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂರಿಸಿ ಅವರಿಂದ ಬೆಳಗಿನವರೆಗೂ ಬಾರಿಸುತ್ತಿದ್ದರು. ಅಜಲು ಪದ್ಧತಿಯನ್ನು 2000ನೇ ಇಸವಿಯ ಕಾಯ್ದೆ ನಿಷೇಧಿಸಿತು. ಇಂದು ಕೊರಗ ಯುವಕರು ತಮ್ಮದೇ ವೇದಿಕೆಯಲ್ಲಿ, ತಮ್ಮ ಇಷ್ಟದಿಂದ ಅದೇ ಡೋಲು ಬಾರಿಸುತ್ತಾರೆ. ವಾದ್ಯ ಅದೇ, ಬಾರಿಸುವವರ ಎದೆ ಬೇರೆ. ಕಾನೂನೂ ಬೇಕಾಯಿತು, ಸ್ವಾಭಿಮಾನವೂ ಬೇಕಾಯಿತು.

ಮೊದಲ ಬಾಣವನ್ನು ತಡೆಯಲು ಶಿಕ್ಷಣ, ಸಂಘಟನೆ, ಹೋರಾಟ. 'ನಾನೇ ಕೀಳು' ಎಂಬ ಎರಡನೆಯ ಬಾಣವನ್ನು ಕಿತ್ತೆಸೆಯಲು ಧಮ್ಮ. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ತಿಯಾಗದು.

ಇಂದಿನ ಅಭ್ಯಾಸ: ಐದು ನಿಮಿಷ ಎದೆಯ ಮೇಲೆ ಕೈಯಿಟ್ಟು ಉಸಿರನ್ನು ಗಮನಿಸಿ. ಯಾರಿಗೂ ಹೇಳದ ಒಂದು ನೋವನ್ನು ನಂಬಿಕೆಯ ಒಬ್ಬರಿಗೆ ಹೇಳಿ. ನಾನು ಆ ಲೋಟದ ವಿಷಯವನ್ನು ಮೊದಲ ಸಲ ಹೇಳಿದ್ದು ಆ ಭಾನುವಾರ, ಆ ತಾಯಿಗೆ. ಅವರು "ನನಗೂ ಆಗಿತ್ತು ಮಗಾ" ಎಂದರು.

ಒಂದು ಎಚ್ಚರಿಕೆ: ಎದೆನೋವು, ಉಸಿರುಗಟ್ಟುವಿಕೆ ಬಂದರೆ "ಬರೀ ಟೆನ್ಷನ್" ಎಂದು ಮನೆಯಲ್ಲಿ ಕೂರಬೇಡಿ. ದುಃಖದ್ದೋ ರಕ್ತನಾಳದ್ದೋ ಎಂಬುದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.