ಅಭಿಮಾನಿಗಳ ಪತ್ರಿಕೆ

ಒಂದು ಕಥೆಯನ್ನೋ ನಾಟಕವನ್ನೋ ಮನಸಾರೆ ಮೆಚ್ಚಿದವನಿಗೆ ಅದು ಮುಗಿದೊಡನೆ ಒಂದು ಬಗೆಯ ಅತೃಪ್ತಿ ಉಳಿಯುತ್ತದೆ. ಆ ಪಾತ್ರಗಳು ಮುಂದೆ ಏನಾದವು? ಅವು ಬಾಳಿದ ಲೋಕದಲ್ಲಿ ಹೇಳದೆ ಬಿಟ್ಟುದು ಏನೇನಿದ್ದೀತು? ಹೀಗೆ ಚಿಂತಿಸುವವನು ತನ್ನಂತೆಯೇ ಮೆಚ್ಚಿದ ಮತ್ತೊಬ್ಬನನ್ನು ಅರಸುತ್ತಾನೆ. ಇಬ್ಬರು ಹತ್ತು ಮಂದಿಯಾಗುತ್ತಾರೆ. ಅವರು ಬರೆದುದನ್ನೂ ಚಿತ್ರಿಸಿದುದನ್ನೂ ಒಂದುಗೂಡಿಸಿ, ತಮ್ಮದೇ ಹಣದಿಂದ, ತಮ್ಮದೇ ದುಡಿಮೆಯಿಂದ ಹೊರತರುವ ಸಂಚಿಕೆಯೇ ಅಭಿಮಾನಿ ಪತ್ರಿಕೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ಯಾನ್‌ಜೀನ್’ ಎಂಬ ಹೆಸರನ್ನು 1940ರಲ್ಲಿ ಅಮೆರಿಕದ ಲೂಯಿ ರಸೆಲ್ ಶೋವನೆ ಎಂಬ ಅಭಿಮಾನಿ ಕೊಟ್ಟನು. ಅದನ್ನು ಮೊಟಕುಗೊಳಿಸಿ ‘ಜೀನ್’ ಎನ್ನುವುದೂ ಉಂಟು.

ಹೆಸರಿಗಿಂತ ವಸ್ತು ಹಳೆಯದು. 1926ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆಯು ಓದುಗರ ಪತ್ರಗಳನ್ನು ಅವರವರ ವಿಳಾಸಸಹಿತ ಅಚ್ಚುಮಾಡುತ್ತಿದ್ದಿತು. ವಿಳಾಸ ಕಂಡ ಓದುಗರು ಸಂಪಾದಕರ ಹಂಗಿಲ್ಲದೆ ಪರಸ್ಪರ ಪತ್ರ ಬರೆದುಕೊಳ್ಳತೊಡಗಿದರು. ಅಂತಹ ಪತ್ರಮೈತ್ರಿಯಿಂದಲೇ 1930ರಲ್ಲಿ ಷಿಕಾಗೋ ನಗರದಲ್ಲಿ ‘ದಿ ಕಾಮೆಟ್’ ಹುಟ್ಟಿತು. ವೈಜ್ಞಾನಿಕ ಕಥಾಭಿಮಾನಿಗಳ ಮೊದಲ ಪತ್ರಿಕೆಯೆಂದು ಸಾಮಾನ್ಯವಾಗಿ ಅದನ್ನೇ ಎಣಿಸುತ್ತಾರೆ.

ಮುಂದೆ ಬಹಳ ಹೆಸರಾದುದು 1967ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಸ್ಪಾಕನೇಲಿಯ’. ಅದರ ಹಿಂದಿನ ವರ್ಷ ಅಮೆರಿಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಮೊದಲಾಗಿದ್ದಿತು. ಅದರಲ್ಲಿನ ಸ್ಪಾಕ್ ಎಂಬವನು ತಂದೆಯ ಕಡೆಯಿಂದ ಅನ್ಯಗ್ರಹದವನು, ತಾಯಿಯ ಕಡೆಯಿಂದ ಭೂಮಿಯವನು. ಭಾವನೆಯನ್ನು ಅಡಗಿಸಿ ತರ್ಕವನ್ನೇ ನೆಚ್ಚಿದವನು. ಈ ಪಾತ್ರಕ್ಕೆ ಮನಸೋತ ದೇವ್ರಾ ಲ್ಯಾಂಗ್ಸಮ್ ಮತ್ತು ಶರ್ನಾ ಕಾಮರ್ಫರ್ಡ್ ಎಂಬ ಇಬ್ಬರು ಮಹಿಳೆಯರು ಹಲವರಿಂದ ಕಥೆ, ಕವಿತೆ, ಪ್ರಬಂಧ, ಚಿತ್ರಗಳನ್ನು ಬರಮಾಡಿಕೊಂಡು ಪತ್ರಿಕೆಯನ್ನು ಸಿದ್ಧಗೊಳಿಸಿದರು. ಸ್ಪಾಕನ ಪಾತ್ರಧಾರಿ ಲೆನಾರ್ಡ್ ನಿಮಾಯ್ ಬರೆದ ಪತ್ರವೂ ಮೊದಲ ಸಂಚಿಕೆಯಲ್ಲಿ ಸೇರಿತು. 1970ರ ವೇಳೆಗೆ ಐದು ಸಂಚಿಕೆಗಳು ಬಂದುವು.

ಅಂದಿನ ಅಭಿಮಾನಿಗಳಿಗೆ ಮುದ್ರಣಾಲಯದ ಖರ್ಚು ನಿಲುಕುತ್ತಿರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ತೆಗೆಯಲು ಬಹುಕಾಲ ಬಳಕೆಯಲ್ಲಿದ್ದ ಸೈಕ್ಲೋಸ್ಟೈಲ್ ಯಂತ್ರದಂತಹ ಯಂತ್ರವೇ ಅವರ ಮುದ್ರಣಾಲಯ. ಮೇಣ ಲೇಪಿಸಿದ ತೆಳುಹಾಳೆಯನ್ನು ಬೆರಳಚ್ಚು ಯಂತ್ರಕ್ಕೆ ಏರಿಸಿ, ಶಾಯಿಪಟ್ಟಿಯ ನೆರವಿಲ್ಲದೆ ಅಕ್ಷರಗಳನ್ನು ಕೊರೆಯಬೇಕು. ಆ ಹಾಳೆಯನ್ನು ಉರುಳೆಗೆ ಸುತ್ತಿ ತಿರುಗಿಸಿದರೆ ಕೊರೆದ ರಂಧ್ರಗಳ ಮೂಲಕ ಶಾಯಿ ಕಾಗದಕ್ಕೆ ಇಳಿಯುತ್ತದೆ. ಚಿತ್ರವಾದರೆ ಕಂಟದಂತಹ ಕಡ್ಡಿಯಿಂದ ಗೀರಬೇಕು. ಕೈ ಸ್ವಲ್ಪ ಬಿಗಿಯಾದರೂ ಮೇಣದ ಹಾಳೆ ಹರಿದು ಚಿತ್ರ ಕೆಡುತ್ತಿದ್ದಿತು. ಕಡೆಯಲ್ಲಿ ಪುಟಗಳ ರಾಶಿಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಗೆಳೆಯರೆಲ್ಲ ಮೇಜನ್ನು ಸುತ್ತುತ್ತ, ಒಂದೊಂದು ರಾಶಿಯಿಂದ ಒಂದೊಂದು ಹಾಳೆ ಎತ್ತಿಕೊಂಡು ಜೋಡಿಸಿ ತಂತಿ ಹೊಡೆಯುತ್ತಿದ್ದರು. ನೂರಾರು ಪ್ರತಿಗಳಾಗಬೇಕಾದರೆ ನೂರಾರು ಸುತ್ತು! ಕಥೆ ಬರೆಯುವ ಉತ್ಸಾಹ ಎಲ್ಲರಲ್ಲಿಯೂ ಇರುತ್ತದೆ. ಮೇಜು ಸುತ್ತುವ ತಾಳ್ಮೆಯೇ ಅಪರೂಪ.

ಜಪಾನಿನಲ್ಲಿ ಈ ಹವ್ಯಾಸ ಒಂದು ಮಹಾಸಂತೆಯಾಗಿಯೇ ಬೆಳೆಯಿತು. ಅಲ್ಲಿ ಇಂತಹ ಪತ್ರಿಕೆಗೆ ‘ದೋಜಿನ್‌ಷಿ’ ಎಂದು ಹೆಸರು. ಸಮಾನಮನಸ್ಕರ ಪತ್ರಿಕೆ ಎಂದು ಅದರ ಭಾವ. 1975ರ ಡಿಸೆಂಬರ್ 21ರಂದು ಟೋಕಿಯೋದಲ್ಲಿ ನಡೆದ ಮೊದಲ ‘ಕಾಮಿಕ್ ಮಾರ್ಕೆಟ್’ನಲ್ಲಿ 32 ತಂಡಗಳು ತಮ್ಮ ಪತ್ರಿಕೆಗಳನ್ನು ಹರಡಿದ್ದುವು, ಬಂದವರು ಸುಮಾರು 700 ಮಂದಿ. ಮುಂದೆ ಅದು ಬೇಸಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ನಡೆಯುವ, ಲಕ್ಷಾಂತರ ಜನ ನೆರೆಯುವ ಕೂಟವಾಯಿತು. ಅಲ್ಲಿ ಮಾರುವವನೂ ಕೊಳ್ಳುವವನೂ ವ್ಯವಸ್ಥೆ ನೋಡುವವನೂ ಎಲ್ಲರೂ ‘ಭಾಗವಹಿಸುವವರು’. ಗಿರಾಕಿ ಎಂಬ ಭಾವನೆಗೆ ಅಲ್ಲಿ ಎಡೆಯಿಲ್ಲವೆಂಬುದು ಅದರ ನಿಯಮ.

ಇಂದಿನ ಸಾಮೂಹಿಕ ಸಂಚಿಕೆಯಲ್ಲಿ ಮೇಣದ ಹಾಳೆಯಿಲ್ಲ. ಬೇರೆ ಬೇರೆ ದೇಶಗಳಲ್ಲಿರುವ ಇಪ್ಪತ್ತು ಮೂವತ್ತು ಮಂದಿ ಒಬ್ಬರ ಮುಖವನ್ನೊಬ್ಬರು ಕಾಣದೆಯೇ ಒಂದು ಪುಸ್ತಕವನ್ನು ಸಿದ್ಧಪಡಿಸಬಲ್ಲರು. ಆದುದರಿಂದಲೇ ವ್ಯವಸ್ಥಾಪಕರ ಹೊಣೆ ಹೆಚ್ಚಿತು. ಮೊದಲು ಎಷ್ಟು ಜನ ಕೊಳ್ಳಬಯಸುತ್ತಾರೆಂದು ವಿಚಾರಿಸುವುದು. ಆಮೇಲೆ ಲೇಖಕರನ್ನೂ ಚಿತ್ರಕಾರರನ್ನೂ ಆರಿಸುವುದು. ಕರಡಿಗೆ ಒಂದು ದಿನ, ಪೂರ್ಣಕೃತಿಗೆ ಒಂದು ದಿನ ಗೊತ್ತುಪಡಿಸುವುದು. ಜಾಣನಾದ ವ್ಯವಸ್ಥಾಪಕನು ಕಡೆಯ ದಿನಕ್ಕೂ ಅಚ್ಚಿಗೆ ಕಳುಹಿಸುವ ದಿನಕ್ಕೂ ನಡುವೆ ಕೆಲವು ವಾರಗಳನ್ನು ಬಿಟ್ಟಿರುತ್ತಾನೆ. ಪರೀಕ್ಷೆ, ಕಾಯಿಲೆ, ಬೇಸರ ಇವು ಯಾರನ್ನೂ ಬಿಟ್ಟವಲ್ಲ.

ಒಬ್ಬನು ಹಿಂದೆ ಸರಿದರೆ ಆಗುವ ತೊಡಕನ್ನು ತಿಳಿಯಲು ಪುಸ್ತಕದ ರಚನೆಯನ್ನು ನೋಡಬೇಕು. ನಡುವೆ ಮಡಿಸಿ ತಂತಿ ಹೊಡೆದ ಪುಸ್ತಕದಲ್ಲಿ ಒಂದು ಹಾಳೆಗೆ ನಾಲ್ಕು ಪುಟ. ಹದಿನಾರು ಪುಟಗಳ ಪುಸ್ತಿಕೆಯ ಹೊರಹಾಳೆಯನ್ನು ಬಿಡಿಸಿ ನೋಡಿದರೆ ಒಂದು ಮಗ್ಗುಲಲ್ಲಿ 16 ಮತ್ತು 1, ಇನ್ನೊಂದರಲ್ಲಿ 2 ಮತ್ತು 15 ಎಂಬ ಪುಟಗಳಿರುತ್ತವೆ. ಯಾವ ಮಗ್ಗುಲನ್ನು ಕೂಡಿದರೂ 17. ಪುಟಸಂಖ್ಯೆ ಸದಾ ನಾಲ್ಕರ ಗುಣಕವಾಗಿಯೇ ಇರಬೇಕಾದುದರಿಂದ 64 ಪುಟಗಳಲ್ಲಿ ಒಂದು ತಪ್ಪಿದರೆ 63 ಪುಟಗಳ ಪುಸ್ತಕವಾಗದು. ಆ ಪುಟವನ್ನು ಬೇರೊಬ್ಬರು ತುಂಬಬೇಕು, ಇಲ್ಲವೆ ಇನ್ನೂ ಮೂರನ್ನು ತೆಗೆಯಬೇಕು. ಸಕಾಲದಲ್ಲಿ ದುಡಿದ ಮೂವರ ಕೆಲಸವನ್ನು ಕೈಬಿಡುವುದು ಯಾವ ನ್ಯಾಯ?

ಪತ್ರಿಕೆಯೊಡನೆ ಸ್ಮರಣವಸ್ತುಗಳನ್ನು ಕೊಡುವುದು ಈಗ ರೂಢಿಯಾಗಿದೆ: ಎದೆಗೆ ಸಿಕ್ಕಿಸುವ ಬಿಲ್ಲೆ, ಅಂಟುಚಿತ್ರ, ಚಿತ್ರಕಾರ್ಡು, ಕೀಲಿಗೊಂಚಲಿನ ಪದಕ. ಇವು ಕೊಳ್ಳುವವರನ್ನು ಸೆಳೆಯುತ್ತವೆ. ಲೆಕ್ಕವನ್ನು ಕೆಡಿಸುವುದೂ ಇವೇ. ಒಂದು ಪ್ರತಿಗೆ ಅಚ್ಚಿನ ವೆಚ್ಚ 120 ರೂಪಾಯಿ, ಕಟ್ಟಿಗೆ 15, ಅಂಚೆಗೆ 45 ಎಂದಿಟ್ಟುಕೊಂಡರೆ ಮೊತ್ತ 180. ಬಿಲ್ಲೆಗೆ 25, ಎರಡು ಕಾರ್ಡುಗಳಿಗೆ 20 ಸೇರಿಸಿದರೆ 225. ಬಿಲ್ಲೆಯಿಂದ ಕಟ್ಟು ಉಬ್ಬುವುದರಿಂದ ಗಟ್ಟಿ ಪೆಟ್ಟಿಗೆಯೂ ಹೆಚ್ಚಿನ ಅಂಚೆಯೂ ಬೇಕು. ಅದಕ್ಕೆ 20 ಸೇರಿ 245. ವ್ಯವಸ್ಥಾಪಕನು 250ಕ್ಕೆ ಬೆಲೆ ಕಟ್ಟಿ 200 ಪ್ರತಿ ಮಾರಿದರೆ ಸಾವಿರ ರೂಪಾಯಿ ಉಳಿಯಿತೆಂದು ಹಿಗ್ಗುತ್ತಾನೆ. ಆದರೆ ಇಪ್ಪತ್ತು ಮಂದಿ ಲೇಖಕ ಚಿತ್ರಕಾರರಿಗೆ ಒಂದೊಂದು ಗೌರವಪ್ರತಿ ಸಲ್ಲಬೇಡವೆ? ಅದಕ್ಕೆ 4,900. ದಾರಿಯಲ್ಲಿ ಹಾಳಾದ ಆರು ಕಟ್ಟುಗಳನ್ನು ಮರಳಿ ಕಳುಹಿಸಲು 1,470. ಬೆಲೆ 280 ಆಗಿದ್ದರೆ ಹೇಗೋ ಸರಿತೂಗುತ್ತಿದ್ದಿತು.

ಈ ಹಣವಾದರೂ ಯಾರದು? ಅಚ್ಚಾಗುವ ಮೊದಲೇ ಬೆಲೆ ಸಲ್ಲಿಸಿದ ಓದುಗರದು. ತಿಂಗಳುಗಟ್ಟಲೆ ಕಾಯುವ ಅವರ ಕೈಯಲ್ಲಿ ಒಂದು ಮಾತಲ್ಲದೆ ಬೇರೇನೂ ಇರುವುದಿಲ್ಲ. ಹಣವನ್ನು ಒಬ್ಬನೇ ಇಟ್ಟುಕೊಂಡು, ಲೆಕ್ಕವನ್ನು ಯಾರಿಗೂ ತೋರಿಸದ ಕಡೆಗಳಲ್ಲಿ ಪುಸ್ತಕವೂ ಬರದೆ ಹಣವೂ ಮರಳದೆ ಸ್ನೇಹಗಳು ಮುರಿದುದುಂಟು. ಒಳ್ಳೆಯ ತಂಡಗಳು ಲೆಕ್ಕ ಬರೆಯಲು ಒಬ್ಬರನ್ನೂ ಅದನ್ನು ನೋಡಲು ಇನ್ನೊಬ್ಬರನ್ನೂ ನೇಮಿಸುತ್ತವೆ. ಉಳಿತಾಯವನ್ನು ದುಡಿದವರಿಗೆ ಹಂಚುವುದೋ ಧರ್ಮಕಾರ್ಯಕ್ಕೆ ಕೊಡುವುದೋ ಎಂಬುದನ್ನು ಆರಂಭದಲ್ಲಿಯೇ ಸಾರುತ್ತವೆ.

ಇನ್ನೊಂದು ಸೂಕ್ಷ್ಮವುಂಟು. ಪಾತ್ರಗಳು ಅಭಿಮಾನಿಗಳವಲ್ಲ, ಅವುಗಳ ಹಕ್ಕು ಮೂಲ ಕರ್ತೃವಿನದು ಅಥವಾ ಪ್ರಕಾಶಕರದು. ಹಲವು ಹಕ್ಕುದಾರರು ಸಣ್ಣ ಪ್ರಮಾಣದ ಪತ್ರಿಕೆಗಳನ್ನು ಕಂಡೂ ಕಾಣದಂತಿರುತ್ತಾರೆ, ಆದರೆ ಮೌನವು ಅನುಮತಿಯಲ್ಲ. ಬಿಲ್ಲೆ ಪದಕಗಳ ವಿಷಯದಲ್ಲಿ ಅವರು ಹೆಚ್ಚು ಬಿಗಿಯಾಗಿರುವುದು ಸಹಜ. ಅಂತಹ ವಸ್ತುಗಳನ್ನು ಅವರೇ ಮಾರುತ್ತಿರುತ್ತಾರಲ್ಲವೆ? ಹಕ್ಕುದಾರರು ನಿಯಮಗಳನ್ನು ಪ್ರಕಟಿಸಿದ್ದರೆ ತಂಡದವರು ಮೊದಲು ಓದಬೇಕಾದ ಬರಹ ಅದೇ.

ಕಟ್ಟುಗಳೆಲ್ಲ ಅಂಚೆಗೆ ಹೋದ ಮೇಲೆ ವ್ಯವಸ್ಥಾಪಕನು ಆಯವ್ಯಯದ ಪಟ್ಟಿಯನ್ನು ಎಲ್ಲರಿಗೂ ಕಳುಹಿಸುತ್ತಾನೆ. ಬಿಲ್ಲೆಗಳನ್ನು ತಯಾರಕರು ಇಂತಿಷ್ಟಕ್ಕೆ ಕಡಿಮೆ ಕೊಡರಾದುದರಿಂದ ಕೆಲವು ಮಿಕ್ಕೇ ಮಿಗುತ್ತವೆ. ಅವುಗಳ ಎಣಿಕೆಯೂ ಆ ಪಟ್ಟಿಯ ಕಡೆಯ ಸಾಲಿನಲ್ಲಿ ಇರುತ್ತದೆ.