ಹುಡುಗಿಯ ಸಾಹಸದ ಕಥೆಯನ್ನು ಮಗ ಓದಬಾರದೇ?

ಪ್ರಶ್ನೆ: ನಮ್ಮದು ತಿಕೋಟಾ ಹತ್ತಿರದ ದ್ರಾಕ್ಷಿ ಬೆಳೆಗಾರರ ಮನೆ. ಮಗ ವಿಜಯಪುರದ ಶಾಲೆಯಲ್ಲಿ ಏಳನೇ ತರಗತಿ. ದೀಪಾವಳಿಗೆ ಬಬಲೇಶ್ವರದ ನನ್ನ ತವರಿಗೆ ಹೋದಾಗ ಅವನ ಸೋದರಮಾವ ದಪ್ಪನೆಯ ಚಿತ್ರಕಥೆ ಪುಸ್ತಕ ಕೊಟ್ಟ. ಕಳೆದುಹೋದ ತಮ್ಮನನ್ನು ಹುಡುಕುತ್ತ ಕಾಡು, ಕಡಲು ದಾಟುವ ಹುಡುಗಿಯ ಕಥೆ. ಅಂದಿನಿಂದ ಅದೇ ಓದು. ಬಂಡೆಯ ತುದಿಯಿಂದ ಅವಳು ಜಿಗಿಯುವ ಪುಟವನ್ನಂತೂ ತಿರುತಿರುಗಿ ನೋಡುತ್ತಾನೆ. ಅವರಪ್ಪ, “ಹುಡಿಗ್ಯಾರ ಕತಿ ಓದಿ ಏನ್ ಆಗಾಂವ ಇದ್ದಿ?” ಎಂದು ಬೈಯುತ್ತಾರೆ. ಶಾಲೆಯಲ್ಲೂ ಕಾಡಿಸುತ್ತಾರಂತೆ. ಈಗ ಹಾಸಿಗೆ ಕೆಳಗೆ ಬಚ್ಚಿಟ್ಟು ಓದುತ್ತಾನೆ. ಪರೀಕ್ಷೆ ಬೇರೆ ಹತ್ತಿರ ಬಂತು. ಪುಸ್ತಕ ಕಸಿದುಕೊಳ್ಳಲೇ?
— ಹೆಸರು ಬೇಡ, ತಿಕೋಟಾ

ಉತ್ತರ: ಬೇಡ ತಾಯಿ, ಕಸಿದುಕೊಳ್ಳಬೇಡಿ. ಅವನ ಓದಿನಲ್ಲಿ ಚಿಂತೆಪಡುವಂಥದ್ದೇನೂ ಇಲ್ಲ. ಇಷ್ಟಪಟ್ಟದ್ದನ್ನು ಸ್ವಂತ ಮನೆಯಲ್ಲೇ ಬಚ್ಚಿಡಬೇಕಾಗಿ ಬಂದಿದೆಯಲ್ಲ, ಸರಿಪಡಿಸಬೇಕಾದದ್ದು ಅದನ್ನು.

ಹೆಣ್ಣುಮಕ್ಕಳು ಸಂಗೊಳ್ಳಿ ರಾಯಣ್ಣನ ಕಥೆ ಓದಿದರೆ ನಾವು ಮೆಚ್ಚುತ್ತೇವೆ. ಆ ರಾಯಣ್ಣನಾದರೂ ಕಿತ್ತೂರು ರಾಣಿ ಚೆನ್ನಮ್ಮನ ಬಂಟ. ರಾಣಿಯ ಪರವಾಗಿ ಹೋರಾಡಿ 1831ರಲ್ಲಿ ಗಲ್ಲಿಗೇರಿದ. ಹೆಣ್ಣಿನ ಮುಂದಾಳುತನ ಒಪ್ಪಿದ್ದರಿಂದ ಅವನ ಗಂಡೆದೆಗೇನೂ ಕುಂದು ಬರಲಿಲ್ಲ. ಧೈರ್ಯ ಯಾರಲ್ಲಿ ಕಂಡರೂ ಮಕ್ಕಳು ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಅದರಲ್ಲೂ ಚಿತ್ರಕಥೆಯಲ್ಲಿ ಒಂದು ಚೌಕದಲ್ಲಿ ಹುಡುಗಿ ಬಂಡೆಯ ತುದಿಯಲ್ಲಿದ್ದರೆ ಮುಂದಿನ ಚೌಕದಲ್ಲಿ ಆಚೆ ದಡದಲ್ಲಿರುತ್ತಾಳೆ. ನಡುವಿನ ಜಿಗಿತ ಓದುವವನ ಮನಸ್ಸಿನಲ್ಲೇ ಆಗಬೇಕು. ನಿಮ್ಮ ಮಗ ಆ ಪುಟಕ್ಕೆ ಮರಳುವುದು ಅದಕ್ಕೇ. ಅವಳ ಜೊತೆ ಅವನೂ ಜಿಗಿಯುತ್ತಿದ್ದಾನೆ.

ಒಂದು ಭಾನುವಾರ ತಂದೆ-ಮಗ ಇಬ್ಬರನ್ನೂ ವಿಜಯಪುರದ ಚಾಂದ್ ಬಾವಡಿಗೆ ಕಳಿಸಿ. 1579ರಲ್ಲಿ ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ ಈ ಬಾವಿಗೆ ಅವನ ರಾಣಿ ಚಾಂದ್ ಬೀಬಿಯ ಹೆಸರಿದೆ. ಮರುವರ್ಷ ಅಲಿ ತೀರಿಕೊಂಡ. ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಆಗಿನ್ನೂ ಚಿಕ್ಕ ಹುಡುಗ, ನಿಮ್ಮ ಮಗನಿಗಿಂತ ಸಣ್ಣವನು. ಅವನ ಬೆನ್ನಿಗೆ ನಿಂತವಳು ಚಾಂದ್ ಬೀಬಿ. ಮುಂದೆ 1595ರಲ್ಲಿ ಮೊಗಲರ ಸೇನೆ ಅವಳ ತವರು ಅಹಮದ್‌ನಗರವನ್ನು ಮುತ್ತಿದಾಗ, ಒಡೆದ ಕೋಟೆಗೋಡೆಯ ಬಳಿ ತಾನೇ ನಿಂತು ಸೈನಿಕರನ್ನು ಹುರಿದುಂಬಿಸಿದಳು. ಅವಳ ನೆರಳಿನಲ್ಲಿ ಬೆಳೆದ ಇಬ್ರಾಹಿಂ, ಆದಿಲ್ ಶಾಹಿಗಳಲ್ಲೇ ಹೆಸರಾಂತ ದೊರೆಯಾದ. ಇದಿಷ್ಟನ್ನೂ ಅಪ್ಪನೇ ಮಗನಿಗೆ ಹೇಳಲಿ. ಅನಂತ ಪೈ ಅವರ ಅಮರ ಚಿತ್ರ ಕಥಾ ಮಾಲಿಕೆಯಲ್ಲಿ ಚಾಂದ್ ಬೀಬಿಯ ಚಿತ್ರಕಥೆಯೂ ಇದೆ, ಸಿಕ್ಕರೆ ಕೊಡಿಸಲಿ.

ಯಜಮಾನರ ಜೊತೆ ವಾದಕ್ಕಿಳಿಯಬೇಡಿ. ತೋಟದ ಕೆಲಸ ಮುಗಿಸಿ ಊಟಕ್ಕೆ ಕುಳಿತಾಗ, “ಅಪ್ಪಾಗ ಆ ಜಿಗಿಯೂ ಪಾನಾ ತೋರ್ಸು” ಎಂದು ಮಗನಿಗೆ ಹೇಳಿ ನೋಡಿ. ಮಗನ ಉತ್ಸಾಹ ಎದುರಿಗೇ ಕಂಡರೆ ತಂದೆಯ ಸಿಟ್ಟು ಅರ್ಧ ಇಳಿಯುತ್ತದೆ.

ಶಾಲೆಯಲ್ಲಿ ಕಾಡಿಸುವವರಿಗೆ, “ನನಗ ಸೇರ್ತದ, ಓದ್ತೀನಿ. ನೀನೂ ಓದಿ ನೋಡು” ಎಂದು ತಲೆಯೆತ್ತಿ ಹೇಳಲು ಕಲಿಸಿ. ಮಾತು ಮೀರಿ ಕೈ ಮಾಡುವುದು, ಪುಸ್ತಕ ಹರಿಯುವುದು ಶುರುವಾದರೆ ತಡಮಾಡದೆ ತರಗತಿ ಶಿಕ್ಷಕರನ್ನು ಕಾಣಿ.

ಪರೀಕ್ಷೆ ಮುಗಿಯುವವರೆಗೆ ಪಾಠ ಓದಿದ ಮೇಲೆ ಅರ್ಧ ತಾಸು ಚಿತ್ರಕಥೆ ಎಂದು ಅವನನ್ನೇ ಕೇಳಿ ಹೊತ್ತು ಗೊತ್ತುಮಾಡಿ. ಊಟ, ನಿದ್ದೆ ಬಿಟ್ಟರೆ, ಶಾಲೆಗೇ ಹೋಗಲೊಲ್ಲೆ ಎಂದರೆ, ಯಾರೊಂದಿಗೂ ಬೆರೆಯದಿದ್ದರೆ ಮಾತ್ರ ಆಪ್ತಸಮಾಲೋಚಕರ ಬಳಿ ಕರೆದೊಯ್ಯಿರಿ. ನೀವು ಬರೆದದ್ದರಲ್ಲಿ ಅಂಥ ಸುಳಿವಿಲ್ಲ.

ಇಂದೇ ಅವನ ಕೈಯಿಂದಲೇ ಆ ಪುಸ್ತಕವನ್ನು ಪಾಠದ ಪುಸ್ತಕಗಳ ಸಾಲಿನಲ್ಲಿ ಇಡಿಸಿ. ಕಥೆ ಮುಂದೇನಾಯಿತೆಂದು ನೀವೂ ಕೇಳಿ. ಹೆಣ್ಣಿನ ಧೈರ್ಯವನ್ನು ಮನಸಾರೆ ಮೆಚ್ಚುವ ಹುಡುಗ ನಾಳೆ ಮನೆಯ ಹೆಣ್ಣುಮಕ್ಕಳನ್ನೂ ಗೌರವದಿಂದ ಕಾಣುತ್ತಾನೆ.