ಮುಚ್ಚಳ ಹಾಕುವ ಮುನ್ನ ಮಾಂಸ ಕೆಂಪಗಾಗಲಿ

ಟ್ಯಾಕೊಗೆಂದು ಬೀಫನ್ನು ಎಳೆಎಳೆಯಾಗಿ ಬಿಡಿಸುವಷ್ಟು ಮೆತ್ತಗೆ ಬೇಯಿಸಲು ಪ್ರೆಷರ್ ಕುಕ್ಕರ್ ಬಹಳ ಅನುಕೂಲ. ಆದರೆ ಹಸಿ ಮಾಂಸವನ್ನು ನೇರವಾಗಿ ನೀರಿಗೆ ಹಾಕಿ ಮುಚ್ಚಬೇಡಿ. ಕುಕ್ಕರಿನೊಳಗಿನ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಮಾಂಸ ಕೆಂಪಗೆ ಹುರಿದು ಘಮಘಮಿಸಲು 140ರ ಆಸುಪಾಸು ಬೇಕು. ಆ ರುಚಿಯನ್ನು ಮೊದಲೇ ಕೂಡಿಸಿಕೊಳ್ಳಿ.

ಭುಜದ ಭಾಗದ ದೊಡ್ಡ ತುಂಡುಗಳನ್ನು ಒಣಬಟ್ಟೆಯಲ್ಲಿ ಒತ್ತಿ ಪಸೆ ತೆಗೆಯಿರಿ. ಎಣ್ಣೆ ಚೆನ್ನಾಗಿ ಕಾದ ಮೇಲೆ ಎರಡು-ಮೂರು ತುಂಡುಗಳನ್ನಷ್ಟೇ ಇಡಿ. ಒತ್ತೊತ್ತಾಗಿ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತವೆಯೇ ಹೊರತು ಹುರಿಯುವುದಿಲ್ಲ. ನಾಲ್ಕೈದು ನಿಮಿಷ ಕದಲಿಸಬೇಡಿ. ತಳ ಬಿಟ್ಟು ಸಲೀಸಾಗಿ ಏಳುವಾಗ ಮಗುಚಿ. ಒಂದೆರಡು ಮಗ್ಗುಲು ಕೆಂಪಾದರೆ ಸಾಕು. ಹುರಿದರೆ ರಸ ಒಳಗೇ ಉಳಿಯುತ್ತದೆ ಎಂಬ ಮಾತು ನಿಜವಲ್ಲ, ಹುರಿಯುವುದು ರುಚಿಗಾಗಿ.

ಬಳಿಕ ಮಾಂಸ ತೆಗೆದಿಟ್ಟು, ಅದೇ ಕುಕ್ಕರಿನಲ್ಲಿ ಈರುಳ್ಳಿ ಬಾಡಿಸಿ, ನೀರು ಹಾಕಿ, ತಳಕ್ಕೆ ಹಿಡಿದದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಗ್ರೇವಿಯ ಸತ್ವವೆಲ್ಲ ಅಲ್ಲಿದೆ. ತಳ ಸೀಯುವುದೂ ತಪ್ಪುತ್ತದೆ. ಮಾಂಸವನ್ನು ಮತ್ತೆ ಹಾಕಿ ಮುಚ್ಚಳ ಮುಚ್ಚಿ. ಸುಮಾರು ಒಂದು ಗಂಟೆ ಬೇಯಲಿ, ಪ್ರೆಷರ್ ತಾನಾಗಿ ಇಳಿಯಲಿ. ಫೋರ್ಕ್‌ನಿಂದ ಎಳೆದಾಗ ಮಾಂಸ ಸುಲಭವಾಗಿ ಬಿಡಿಸಿಕೊಳ್ಳದಿದ್ದರೆ ಇನ್ನೂ ಹತ್ತು ನಿಮಿಷ ಬೇಯಿಸಿ. ಬಿಡಿಸಿದ ಎಳೆಗಳನ್ನು ಅದೇ ಗ್ರೇವಿಯಲ್ಲಿ ಹೊರಳಿಸಿ ಬಡಿಸಿ.